ಎಡಕ್ಕೆ ಬಿದ್ದ ಹೂ

ಹಿಂದೂಪುರದಿಂದ ಸೀರೆ ಗಂಟು ಹೊತ್ತು ಕಲ್ಯಾಣದುರ್ಗಕ್ಕೆ ಬರುತ್ತಿದ್ದ ನೇಕಾರರೊಬ್ಬರು ನಮ್ಮ ಜಗಲಿಯ ಮೇಲೆ ಗಂಟು ಇಳಿಸಿ, ನೀರು ಕುಡಿದು, "ನಮ್ ಬೀದಿ ನಡುಗೋ ಪೂಜಾರಪ್ಪ ಹೋಗ್ಬುಟ್ರು ಕಣಮ್ಮ" ಎಂದರು. ನನಗೆ ಯಾರೆಂದು ಹೊಳೆಯಲಿಲ್ಲವೇನೋ ಎಂದುಕೊಂಡು ಬಲಗೈ ಮುಂದೆ ಚಾಚಿ ಗಡಗಡ ಅಲ್ಲಾಡಿಸಿಯೂ ತೋರಿಸಿದರು. ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಒಂದು ಇಡೀ ಬಾಳು ಬಾಳಿದ ಮನುಷ್ಯನನ್ನು ನೆನೆಯುವುದಕ್ಕೆ ಆ ಬೀದಿಯವರಿಗೆ ನಡುಕ ಒಂದೇ ಸಿಕ್ಕಿತೆ? ಸೀರೆ ಬೇಡವೆಂದು ಅವರನ್ನು ಕಳಿಸಿಬಿಟ್ಟೆ. ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು.

ನಾನು ಹಿಂದೂಪುರದ ಕನ್ನಡ ಶಾಲೆಗೆ ಟೀಚರಾಗಿ ಬಂದಾಗ ಆಂಧ್ರ ರಾಜ್ಯವಾಗಿ ಹೆಚ್ಚು ದಿನವಾಗಿರಲಿಲ್ಲ. ನಾನೂ ನನ್ನ ತಾಯಿಯೂ ನೇಕಾರರ ಬೀದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಎಡಕ್ಕೂ ಬಲಕ್ಕೂ ಮಗ್ಗದ ಸದ್ದು, ಹಿಂದಿನ ಗೋಡೆಗೆ ಅಂಟಿಕೊಂಡು ಚೌಡೇಶ್ವರಮ್ಮನ ಗುಡಿ. ಗುಡಿಯ ಪೂಜಾರಿಯೂ ನೇಕಾರರೇ. ಅಪ್ಪನ ಕಾಲದಿಂದ ಬಂದ ಪೂಜೆ. ಬೆಳಿಗ್ಗೆ ಅಮ್ಮನ ಸೇವೆ, ಆಮೇಲೆ ಮಗ್ಗ ಎಂದು ಬದುಕಿದ್ದವರಿಗೆ ನಡುವಯಸ್ಸಿನಲ್ಲಿ ಕೈನಡುಕ ಹಿಡಿಯಿತು. ಕಡಿದ ಎಳೆ ಸೇರಿಸಲು ಹೋದರೆ ಪಕ್ಕದ ನಾಲ್ಕು ಎಳೆ ಕಡಿಯುತ್ತಿದ್ದವಂತೆ. ಮಗ್ಗ ಬಿಟ್ಟರು, ಗುಡಿ ಬಿಡಲಿಲ್ಲ.

ನಡುಗುವ ಕೈಯಲ್ಲಿ ಪೂಜೆ ಮಾಡುವುದನ್ನು ನಾನು ಮೊದಲ ಸಲ ನೋಡಿದಾಗ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದೆ. ಎಲ್ಲಿ ಏನು ಬೀಳುತ್ತದೋ ಎಂಬ ಭಯ. ಅವರಿಗೆ ಆ ಭಯ ದಿನವೂ ಇದ್ದಿರಬೇಕು. ಅಮ್ಮನ ಹಣೆಗೆ ಕುಂಕುಮ ಇಡುವಾಗ ಮಣಿಕಟ್ಟನ್ನು ವಿಗ್ರಹದ ಭುಜಕ್ಕೆ ಒತ್ತಿಕೊಂಡು, ಉಸಿರು ಹಿಡಿದು, "ಅಮ್ಮಾ, ನೀನು ಅಲ್ಲಾಡ್ಬ್ಯಾಡ, ನಾನು ಅಲ್ಲಾಡ್ತಿವ್ನಿ. ಇಬ್ರೂ ಅಲ್ಲಾಡಿದ್ರೆ ಕೆಲ್ಸ ಕೆಡ್ತದೆ" ಎನ್ನುತ್ತಿದ್ದರು. ತೀರ್ಥ ಕೊಡುವಾಗ ಮೇಲಿಂದ ಹಾಕದೆ, ಚಮಚವನ್ನು ನಮ್ಮ ಅಂಗೈಗೇ ಊರಿ ಬಗ್ಗಿಸುತ್ತಿದ್ದರು. ಎಂಜಲು, ಮೈಲಿಗೆ ಎಂದು ಮೂಗು ಮುರಿದವರೂ ಇದ್ದರು. ಅಂಥವರಿಗೆ, "ಚೆಲ್ಲಿದ ತೀರ್ಥ ಕಾಲ್ಗೆ ಸಿಗ್ತದೆ, ಅದಕ್ಕಿಂತ ಇದೇ ವಾಸಿ. ಬ್ಯಾಡದಿದ್ರೆ ಕೈ ತಗೀರಿ" ಎಂದು ರೇಗುತ್ತಿದ್ದರು. ಸಾಧು ಸ್ವಭಾವದವರೇನಲ್ಲ. ಹೂ ತಡವಾಗಿ ತಂದ ಹೆಂಗಸರು ಅವರ ಬಾಯಿಗೆ ಸಿಕ್ಕಿದರೆ ಮುಗಿಯಿತು. ಒಮ್ಮೆ ನಾನು ಅವರ ಕೈಯನ್ನೇ ನೋಡುತ್ತ ನಿಂತಿದ್ದು ಕಂಡು, "ಗಂಟೆ ಹೊಡ್ಯಾಕೆ ಮಾತ್ರ ಈ ಕೈ ಬಲು ಚೆಂದ ಟೀಚರಮ್ಮ. ಹಿಡ್ಕಂಡ್ರೆ ಸಾಕು, ತಾನೇ ಬಡ್ಕಂತದೆ" ಎಂದು ನಕ್ಕಿದ್ದರು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಆ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇತ್ತು. ಮದುವೆಯೋ ಹೊಲವೋ ದೂರದ ಪ್ರಯಾಣವೋ, ಮನಸ್ಸು ಡೋಲಾಯಮಾನವಾದರೆ ಜನ ಅಮ್ಮನ ಹತ್ತಿರ ಬರುತ್ತಿದ್ದರು. ಪೂಜಾರಪ್ಪ ನೀರಿನಲ್ಲಿ ಅದ್ದಿದ ಎರಡು ಕಣಗಿಲೆ ಹೂಗಳನ್ನು ಅಮ್ಮನ ಎರಡು ಭುಜಕ್ಕೆ ಅಂಟಿಸಿ, ಪರದೆ ಎಳೆದುಕೊಂಡು ಒಳಗೆ ಒಬ್ಬರೇ ಕೈಮುಗಿದು ನಿಲ್ಲುತ್ತಿದ್ದರು. ಬಲಗಡೆ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಬಿದ್ದದ್ದು ಕಾಣುತ್ತಿದ್ದುದು ಅವರೊಬ್ಬರಿಗೆ. ಹೊರಗೆ ಬಂದು ಅವರು ಹೇಳಿದ್ದೇ ಅಮ್ಮನ ಮಾತು.

ನನ್ನ ತಾಯಿಗೆ ಇದು ಹುಚ್ಚಿನಂತೆ ಹಿಡಿಯಿತು. ನನಗೆ ಬಂದ ಗಂಡುಗಳನ್ನೆಲ್ಲ ಗುಡಿಗೆ ಒಯ್ದು ಕೇಳಿದಳು. ಗುಡಿಬಂಡೆಯ ಸ್ಕೂಲ್ ಮೇಷ್ಟ್ರು ಎಡಕ್ಕೆ, ಮಡಕಶಿರಾದ ಗುಮಾಸ್ತ ಎಡಕ್ಕೆ, ಎರಡನೆಯ ಸಂಬಂಧದ ಶಿರಸ್ತೇದಾರನೂ ಎಡಕ್ಕೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು, ನಾನು ಗೋಡೆಯ ಈಚೆಯಿಂದ ಚೌಡೇಶ್ವರಮ್ಮನಿಗೆ ಕೈಮುಗಿಯುವೆ. "ಅವನ ಕೈಯಿ ನೆಟ್ಟಗಿದ್ದಿದ್ರೆ ಒಂದಾದ್ರೂ ಬಲಕ್ಕೆ ಬೀಳ್ತಿತ್ತು" ಎಂದು ಅವಳು ಒಂದು ದಿನ ಗೊಣಗಿದಳು. ಈ ಗೊಣಗಾಟ ನಮ್ಮ ಮನೆಯದಷ್ಟೇ ಅಲ್ಲ, ಬೀದಿಯಲ್ಲೆಲ್ಲ ಹೊಗೆಯಾಡುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಬೀದಿಗೆ ಒಬ್ಬ ಯಜಮಾನರಿದ್ದರು. ಮನೆ ತುಂಬ ಮಗ್ಗ, ಗಿರಿಜಾ ಮೀಸೆ, ಸಿಟ್ಟು ಬಂದರೆ ತೆಲುಗು. ಅವರ ಮಗಳಿಗೆ ಧರ್ಮಾವರದ ದೊಡ್ಡ ಕುಳವೊಂದು ಬಂದಾಗ ಹೂ ಎಡಕ್ಕೆ ಬಿದ್ದು ಸಂಬಂಧ ತಪ್ಪಿತ್ತು. ಆ ಉರಿ ಅವರ ಹೊಟ್ಟೆಯಲ್ಲಿ ಹಾಗೆಯೇ ಉಳಿದಿತ್ತು. ಒಂದು ಶುಕ್ರವಾರ ಮಂಗಳಾರತಿಯ ವೇಳೆ ಪೂಜಾರಪ್ಪನ ಕೈಯಿಂದ ತಟ್ಟೆ ಜಾರಿತು. ಉರಿಯುವ ಕರ್ಪೂರ ಯಜಮಾನರ ಪಂಚೆಯ ಮೇಲೆ ಬಿದ್ದು ತೂತಾಯಿತು, ತಟ್ಟೆ ಅಮ್ಮನ ಪಾದಕ್ಕೆ ಬಡಿಯಿತು. ಗುಡಿಯಲ್ಲಿದ್ದವರೆಲ್ಲ ಒಂದೇ ಸಲ ಹಾ ಎಂದರು. ಪೂಜಾರಪ್ಪ ಬಗ್ಗಿ ತಟ್ಟೆ ಎತ್ತಲು ಹೋದರು. ಬೆರಳಿಗೆ ಸಿಗಲಿಲ್ಲ. ಮತ್ತೆ ಹೋದರು, ಮತ್ತೆ ಸಿಗಲಿಲ್ಲ. ಅವರ ತಮ್ಮನ ಮಗ ಬಂದು ಎತ್ತಿಕೊಟ್ಟ.

"ಇಂಕ ಚಾಲು" ಎಂದರು ಯಜಮಾನರು. ಇನ್ನು ಸಾಕು ಎಂದು. "ಅಮ್ಮನ ಮೈಮ್ಯಾಲೆ ಬೆಂಕಿ ಬೀಳೋ ಗಂಟ ಕಾಯ್ಬೇಕಾ? ನಿನ್ನ ತಮ್ಮನ ಮಗ ಗಟ್ಟಿ ಇದಾನೆ, ಅವ್ನಿಗೆ ಬಿಡು."

"ಬಿಡು ಅಂತ ನೀವು ಹೇಳಂಗಿಲ್ಲ. ಅಮ್ಮ ಹೇಳ್ಲಿ, ಬಿಡ್ತೀನಿ."

ಹಾಗೆ ಬಂತು ಹೂ ಕೇಳುವ ಮಾತು. ಪೂಜಾರಪ್ಪ ಸೇವೆಯಲ್ಲಿ ಉಳಿಯಬೇಕೋ ಬೇಡವೋ ಎಂದು ಅಮ್ಮನನ್ನೇ ಕೇಳುವುದು. ತಮಾಷೆಯೆಂದರೆ, ಗುಡಿಯ ಕಟ್ಟಳೆಯಂತೆ ಹೂ ಇಡಬೇಕಾದವರು ಅವರೇ, ನೋಡಬೇಕಾದವರೂ ಅವರೇ. ಹೆಂಡತಿ ತೀರಿಕೊಂಡಿದ್ದಳು, ಮಗಳು ಕಲ್ಯಾಣದುರ್ಗದಲ್ಲಿ, ಮಗ್ಗ ಮುರಿದು ಮೂಲೆ ಸೇರಿತ್ತು. ಅವರಿಗೆ ಉಳಿದದ್ದು ಅದೊಂದು ಗುಡಿ. ಬಲಕ್ಕೆ ಬಿತ್ತೆಂದೇ ಹೇಳುತ್ತಾರೆ, ಇನ್ನೇನು ಎಂದು ಜನ ಆಡಿಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಾಗೆ ಹೇಳಲಿ ಎಂದು ಆಸೆಪಟ್ಟಿದ್ದೆ ಕೂಡ.

ಆ ಬೆಳಿಗ್ಗೆ ಬೀದಿಯ ಒಂದು ಮಗ್ಗವೂ ಆಡಲಿಲ್ಲ. ಗುಡಿಯ ಒಳಗೆ ಗಂಡಸರು, ಹೊರಗೆ ಹೆಂಗಸರು. ಪೂಜಾರಪ್ಪ ಒದ್ದೆ ಬಟ್ಟೆಯಲ್ಲಿ ಬಂದರು. ಕೈಯಷ್ಟೇ ಅಲ್ಲ, ತಲೆಯೂ ಅಲ್ಲಾಡುತ್ತಿತ್ತು. ಪರದೆ ಎಳೆದುಕೊಂಡರು. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಯಾರದೋ ಕೂಸು ಅತ್ತಿತು, ತಾಯಿ ಅದರ ಬಾಯಿಗೆ ಸೆರಗು ಒತ್ತಿದಳು. ಪರದೆಯ ಹಿಂದಿನಿಂದ ಅವರ ಉಸಿರು ಕೇಳುತ್ತಿತ್ತು, ಹತ್ತು ಮೈಲಿ ನಡೆದು ಬಂದವರ ಹಾಗೆ. ನನ್ನ ತಾಯಿ ನನ್ನ ಮುಂಗೈ ಹಿಡಿದವಳು ಉಗುರು ನಾಟುವಷ್ಟು ಬಿಗಿ ಹಿಡಿದಿದ್ದಳು.

ಪರದೆ ಸರಿಯಿತು. ಅವರು ಯಾರ ಮುಖವನ್ನೂ ನೋಡಲಿಲ್ಲ.

"ಎಡಕ್ಕೆ ಬಿತ್ತು."

ಸೊಂಟದಿಂದ ಗುಡಿಯ ಬೀಗದ ಕೈ ಬಿಚ್ಚಿ ತಮ್ಮನ ಮಗನ ಕೈಗೆ ಹಾಕಿ ನಡೆದುಬಿಟ್ಟರು. ಗೆದ್ದ ಯಜಮಾನರ ಮುಖದಲ್ಲೂ ಗೆಲುವಿರಲಿಲ್ಲ. ಅದೇ ವಾರ ಪೂಜಾರಪ್ಪ ಕಲ್ಯಾಣದುರ್ಗಕ್ಕೆ, ಮಗಳ ಮನೆಗೆ ಹೊರಟುಹೋದರು. ಚೌಡೇಶ್ವರಮ್ಮನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನನ್ನ ಗಂಡುಗಳನ್ನು ಓಡಿಸಿದ್ದಕ್ಕೆ ಕೈಮುಗಿದಿದ್ದವಳು ಗುಡಿಗೆ ಹೋಗುವುದನ್ನೇ ಬಿಟ್ಟೆ.

ಮರುವರ್ಷ ನನ್ನನ್ನು ಕಲ್ಯಾಣದುರ್ಗಕ್ಕೆ ವರ್ಗ ಮಾಡಿದರು. ಬಿಸಿಲು, ಧೂಳು, ಕಡಲೆಕಾಯಿ ಮೂಟೆ. ಪೂಜಾರಪ್ಪನ ಅಳಿಯ ಅಲ್ಲಿ ಗಾಣದ ಎಣ್ಣೆ ಮಾರುತ್ತಿದ್ದ. ಹುಡುಕಿಕೊಂಡು ಹೋದರೆ ಮಗಳು ಬಾಗಿಲಲ್ಲೇ ಹಿಡಿದುಕೊಂಡಳು. "ನೀವಾದ್ರೂ ಒಂದ್ ಮಾತು ಹೇಳಿ ಟೀಚರಮ್ಮ. ಅಪ್ಪ ಸರ್ಯಾಗಿ ಉಣ್ಣಾಕಿಲ್ಲ. ಮನೆ ದೇವ್ರ ಗೂಡಿಗೆ ಒಂದ್ ಹೂ ಇಡು ಅಂದ್ರೂ ಇಡಾಕಿಲ್ಲ. ದಿನಾ ಆ ಆಂಜನೇಯನ ಗುಡಿ ಮುಂದೆ ಹೋಗಿ ಕೂತ್ಕಂತದೆ, ಒಳಕ್ ಮಾತ್ರ ಹೋಗಾಕಿಲ್ಲ."

ಅಲ್ಲೇ ಇದ್ದರು. ಗುಡಿಗೆ ಎದುರು, ರಸ್ತೆಯ ಈಚೆ ಬದಿಯಲ್ಲಿ ಬೇವಿನ ಕಟ್ಟೆಯ ಮೇಲೆ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಬಲು ಸೊರಗಿದ್ದರು. ನನಗೆ ಕನಿಕರ ಬಂದಾಗಲೆಲ್ಲ ಬಾಯಿ ಒರಟಾಗುತ್ತದೆ.

"ಕೈ ನಡುಗಿದ್ರೆ ಕಾಲಿಗೇನಾಗಿದೆ ಪೂಜಾರಪ್ಪ? ರಸ್ತೆ ದಾಟಿ ಒಳಗೆ ಹೋಗ್ಬಾರ್ದಾ?"

ರಸ್ತೆಯಾಚೆಯ ಗುಡಿಯ ಬಾಗಿಲನ್ನು ನೋಡಿದರು. ಆಮೇಲೆ, "ಯಾವ ಮಕ ಇಟ್ಕಂಡು ಹೋಗ್ಲಿ ಟೀಚರಮ್ಮ?" ಎಂದರು. "ಆವತ್ತು ಹೂ ಬಲಕ್ಕೆ ಬಿದ್ದಿತ್ತು."

ನನಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದರು. ಹೂ ಇಟ್ಟು ನಿಂತಾಗ ಮೈಯೆಲ್ಲ ನಡುಗಿ, ನೆಟ್ಟಗೆ ನಿಲ್ಲಲಾರದೆ ಅವರ ಮೊಣಕೈ ಅಮ್ಮನ ಪೀಠಕ್ಕೆ ತಾಗಿಕೊಂಡಿತ್ತಂತೆ. ಬಲಗಡೆ ಹೂ ಕಣ್ಣೆದುರಿಗೇ ಜಾರಿ ಬಿತ್ತು. "ಅಮ್ಮ ಬೀಳಿಸಿದ್ಲಾ, ನನ್ನ ನಡುಕ ಬೀಳಿಸ್ತಾ? ನಂಗೆ ಗೊತ್ತಾಗ್ಲಿಲ್ಲ. ತಟ್ಟೆ ಕೆಡವಿದ ಕೈಯಿ ಇದು. ಇಂಥ ಕೈಯಿ ಅಮ್ಮಂಗೆ ಯಾಕೆ ಬೇಕು, ಅವ್ಳು ಬೇಕು ಅಂದಿರಾಕಿಲ್ಲ ಅಂತ ನಾನೇ ತೀರ್ಮಾನ ಮಾಡ್ಬುಟ್ಟೆ. ಎಡಕ್ಕೆ ಅಂದ್ಬುಟ್ಟೆ."

"ಯಜಮಾನರಿಗೆ ಹೆದರಿ ಅಂದ್ರಾ?"

"ಅವ್ನಿಗ್ಯಾಕೆ ಹೆದರ್ಲಿ? ನಾಚಿಕೆ ಆತು. ಇಷ್ಟೊಂದು ಗಟ್ಟಿ ಕೈಯಿರೋ ಜನ ನಿಂತವ್ರೆ, ಅವ್ರ ಮುಂದೆ ಹೋಗಿ, ಅಮ್ಮಂಗೆ ನಾನೇ ಬೇಕಂತೆ ಅಂತ ಹೆಂಗೆ ಹೇಳ್ಲಿ?"

ನನಗೆ ರೇಗಿಹೋಯಿತು. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಕೇಳಿದ್ದೆ. ಊರವರಿಗೆ ಅಡ್ಡ ಬರೋ ಪೂಜಾರಿಗಳನ್ನ ನೋಡಿದ್ದೀನಿ. ತನಗೆ ತಾನೇ ಅಡ್ಡ ಬಂದೋರನ್ನ ಇವತ್ತೇ ನೋಡ್ತಿರೋದು. ಕೈ ನಡುಗಿದ್ದಕ್ಕೆ ಅಮ್ಮ ಏನೂ ಅನ್ನಲಿಲ್ಲವಲ್ಲ, ಇರು ಅಂದ್ಲು. ನೀವು ಅವಳ ಬಾಯಲ್ಲಿ ಸುಳ್ಳು ಆಡಿಸಿಬಿಟ್ರಿ. ಹೋಗಿ ಹೇಳಿ."

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅದು ಭಯ. "ಹೇಳೋದು ಸಲೀಸು. ಇದೊಂದು ಸುಳ್ಳು ಅಂದ್ರೆ, ಇದುವರ್ಗೂ ನಾನು ಹೇಳಿದ್ದೆಲ್ಲ ಸುಳ್ಳು ಅಂತಾರೆ. ನನ್ನ ಮಾತು ಕೇಳಿ ಮದ್ವೆ ಬಿಟ್ಟೋರವ್ರೆ. ಹೊಲ ಕೊಳ್ದೆ ಹೋದೋರವ್ರೆ. ಹೋದ್ರೆ ಹೊಡೆದ್ರೂ ಹೊಡೀತಾರೆ. ಹೊಡೀಲಿ. ಅಮ್ಮನ ಮ್ಯಾಲಿನ ನಂಬಿಕೇನೇ ಹೋದ್ರೆ?"

ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಷ್ಟು ಸುಲಭವಾಗಿ ಹೋಗಿ ಹೇಳಿ ಎಂದುಬಿಟ್ಟಿದ್ದೆ. ಅತ್ತ ದರಿ, ಇತ್ತ ಪುಲಿ. ಆಮೇಲೆ ಶಾಲೆಯಿಂದ ಬರುವಾಗಲೆಲ್ಲ ಆ ಕಟ್ಟೆಯ ಕಡೆ ನೋಡುತ್ತಿದ್ದೆ. ಅವರು ಅಲ್ಲೇ ಕೂತಿರುತ್ತಿದ್ದರು, ಕೈ ತೊಡೆಯ ಕೆಳಗೆ. ಮಾತಾಡಿಸಿದರೆ ಹೂಂ ಎನ್ನುವರು. ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು. ಹೇಳದೆಯೇ ಸತ್ತುಬಿಟ್ಟರೆ ಎಂದು ನನಗೆ ದಿಗಿಲು.

ಒಂದು ಗುರುವಾರ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟಿದ್ದರು. ವಿಭೂತಿ ಸೊಟ್ಟಗಿತ್ತು. "ಹಿಂದೂಪುರಕ್ಕೆ ಹೋಯ್ತೀನಿ. ಒಬ್ನೇ ಹೋದ್ರೆ ಪೆನುಕೊಂಡದಾಗೇ ಇಳ್ದು ವಾಪಸ್ ಬಂದ್ಬುಡ್ತೀನಿ ಅಂತ ಭಯ. ನೀವೂ ಬತ್ತೀರಾ ಟೀಚರಮ್ಮ?"

ರಜ ಹಾಕಿದೆ. ನನ್ನ ತಾಯಿಯೂ ಬರುತ್ತೇನೆಂದು ಹೊರಟಳು. ಬಸ್ಸಿನಲ್ಲಿ ಟಿಕೆಟ್ ಅವರ ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು, ಕೊನೆಗೆ ನನ್ನ ತಾಯಿ ಇಸಕೊಂಡು ತನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಪೆನುಕೊಂಡದಲ್ಲಿ ಬಸ್ಸು ನಿಂತಾಗ ಅವರು ಎದ್ದೇಬಿಟ್ಟರು. ಎದ್ದವರು ಎದುರಿನ ಸೀಟಿನ ಕಂಬಿ ಹಿಡಿದು ನಿಂತರು, ಬಸ್ಸು ಹೊರಡುವ ತನಕ ನಿಂತಿದ್ದರು, ಹೊರಟ ಮೇಲೆ ಕೂತರು.

ಮರುದಿನ ಶುಕ್ರವಾರ, ಗುಡಿ ತುಂಬ ಜನ. ತಮ್ಮನ ಮಗ ಮಂಗಳಾರತಿಗೆ ಕರ್ಪೂರ ಜೋಡಿಸುತ್ತಿದ್ದ. ಪೂಜಾರಪ್ಪ ಹೊಸ್ತಿಲ ಆಚೆಯೇ ನಿಂತು, "ಒಂದು ಮಾತು ಹೇಳೋದೈತೆ" ಎಂದರು. ಯಜಮಾನರು ತಿರುಗಿ ನೋಡಿದರು.

"ಚೆಪ್ಪು" ಎಂದರು. ಹೇಳು ಎಂದು.

ಹೇಳಿದರು. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನಡುಕ ಎಷ್ಟಾಯಿತೆಂದರೆ ಬಾಗಿಲವಾಡ ಹಿಡಿದುಕೊಂಡರು. ಮಾತು ಮುಗಿದದ್ದೇ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಪೂಜೆ ವಾಪಸ್ ಬೇಕು, ಅದಕ್ಕೆ ಕಥೆ ಕಟ್ಟಿಕೊಂಡು ಬಂದಿದ್ದಾನೆ ಎಂದರು. ನೋಡು ಹೆಂಗೆ ನಡುಗ್ತಾನೆ, ಸುಳ್ಳು ಹೇಳೋನಿಗಲ್ಲದೆ ಇಷ್ಟು ನಡುಕ ಯಾರಿಗೆ ಬರ್ತದೆ ಎಂದರು. "ನನ್ ಹೊಲದ ವಿಷ್ಯ ಏನಪ್ಪಾ? ಅದೂ ಹಿಂಗೇನಾ?" ಎಂದು ಒಬ್ಬ ತೋಳು ಮಡಚಿಕೊಂಡು ಮುಂದೆ ಬಂದ. ಈ ಗದ್ದಲದಲ್ಲಿ ನನ್ನ ಪಕ್ಕದಿಂದಲೇ ಇನ್ನೊಂದು ದನಿ ಎದ್ದಿತು.

"ನನ್ನ ಮಗಳ ಗಂಡುಗಳು?"

ನನ್ನ ತಾಯಿ! ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ.

"ಇಲ್ಲ ಕಣಮ್ಮ" ಎಂದರು ಪೂಜಾರಪ್ಪ. "ಅವೆಲ್ಲ ಎಡಕ್ಕೇ ಬಿದ್ದವು."

ಯಜಮಾನರು ಕೈ ಎತ್ತಿದರು. ಸದ್ದು ಅಡಗಿತು. ನಿಧಾನವಾಗಿ ಹೊಸ್ತಿಲ ಹತ್ತಿರ ಬಂದು, ಪೂಜಾರಪ್ಪನ ಮುಖಕ್ಕೆ ಮುಖ ತಂದು ಕೇಳಿದರು. "ನನ್ ಮಗಳಿಗೆ ಬಂದ ಧರ್ಮಾವರದ ಸಂಬಂಧ?"

"ಎಡಕ್ಕೆ."

"ಹೆಂಗೆ ನಂಬ್ಲಿ?"

ಪೂಜಾರಪ್ಪನ ದವಡೆ ಅಲ್ಲಾಡುತ್ತಿತ್ತು. "ನಿಮ್ಮ ವಿಷ್ಯ ಬಂದಾಗೆಲ್ಲ ನಾನು ಅಮ್ಮನ್ನ ನಂಬಿದ್ದೆ. ಏನು ಬಿತ್ತೋ ಅದನ್ನೇ ಹೇಳ್ದೆ. ನನ್ನ ವಿಷ್ಯ ಬಂದಾಗ ಮಾತ್ರ ನಂಬ್ಲಿಲ್ಲ. ಅದೊಂದೇ ನನ್ ತೆಪ್ಪು. ನಂಗೆ ಪೂಜೆ ಬ್ಯಾಡ, ಹುಡುಗ ಚೆನ್ನಾಗೇ ಮಾಡ್ತವ್ನೆ. ಅವ್ಳು ಬಲ ಅಂದಿದ್ದು ಬಲ ಅಂತಾನೇ ಇರ್ಲಿ, ಅಷ್ಟಕ್ಕೆ ಬಂದೆ. ಹೋಯ್ತೀನಿ."

ಯಜಮಾನರು ಮೀಸೆಯ ತುದಿ ಕಚ್ಚುತ್ತ ನಿಂತಿದ್ದರು. ಲಾಭಕ್ಕೆ ಸುಳ್ಳು ಹೇಳುವವರನ್ನು ಅವರು ವ್ಯಾಪಾರದಲ್ಲಿ ಬೇಕಾದಷ್ಟು ಕಂಡವರು. ಇದ್ದ ಒಂದೇ ನೆಲೆಯನ್ನು ಕಳೆದುಕೊಳ್ಳುವುದಕ್ಕೆ ಸುಳ್ಳು ಹೇಳಿದವನು ಪರರ ಮಗಳ ವಿಷಯದಲ್ಲಿ ಯಾಕೆ ಹೇಳುತ್ತಾನೆ? ಈ ಲೆಕ್ಕ ಅವರ ಮುಖದಲ್ಲಿ ನಡೆಯುತ್ತಿದ್ದುದು ನನಗೇ ಕಾಣುತ್ತಿತ್ತು.

"ಆಗು" ಎಂದರು. ನಿಲ್ಲು ಎಂದು. ಪೂಜಾರಪ್ಪ ತಿರುಗಿದ್ದವರು ನಿಂತರು. "ಅಮ್ಮ ಇರು ಅಂದ್ಮೇಲೆ ಓಡಿ ಹೋಗಿದೀಯ. ಒಂದು ವರ್ಷ ನಾವೆಲ್ಲ ಅವಳ ಮಾತು ಮೀರಿದಂಗಾಯ್ತು. ಹೇಳ್ಬುಟ್ಟು ಹೋಯ್ತೀನಿ ಅಂದ್ರೆ ಬಿಡ್ತಾರಾ? ದಂಡ ಕಟ್ಟು."

"ಏನು ದಂಡ?"

"ಸಾಯೋ ಗಂಟ ಶುಕ್ರವಾರದ ಮಂಗಳಾರತಿ ನಿಂದು. ಕಲ್ಯಾಣದುರ್ಗದಿಂದನಾದ್ರೂ ಬಾ, ಕೈಲಾಸದಿಂದನಾದ್ರೂ ಬಾ. ತಪ್ಪಿಸ್ದೆ ಅಂದ್ರೆ ನಾನೇ ಬಂದು ಎಳ್ಕಂಡ್ ಬತ್ತೀನಿ."

ತಮ್ಮನ ಮಗ ತಟ್ಟೆ ತಂದು ದೊಡ್ಡಪ್ಪನ ಮುಂದೆ ಹಿಡಿದ. ಪೂಜಾರಪ್ಪ ತಟ್ಟೆಯನ್ನೂ ನೋಡಿದರು, ತಮ್ಮ ಕೈಯನ್ನೂ ನೋಡಿದರು. ಬೇಡ ಎನ್ನುತ್ತಾರೆಂದೇ ನಾನು ತಿಳಿದೆ. ಅವರು ಹೊಸ್ತಿಲು ದಾಟಿದರು. ಎರಡು ಕೈಯಲ್ಲೂ ತಟ್ಟೆ ಬಿಗಿಹಿಡಿದು ಅಮ್ಮನ ಮುಂದೆ ಎತ್ತಿದರು. ತಟ್ಟೆ ನಡುಗಿತು, ಉರಿ ಅತ್ತಿತ್ತ ಓಲಾಡಿತು, ಗುಡಿಯ ಗೋಡೆಯ ಮೇಲಿನ ನಮ್ಮೆಲ್ಲರ ನೆರಳೂ ಓಲಾಡಿತು. ಬೀಳಲಿಲ್ಲ. ಹೊರಗೆ ತಂದಾಗ ಮೊದಲು ಕೈ ಚಾಚಿದವರು ಯಜಮಾನರೇ. ಉರಿ ಬಲಕ್ಕೆ ಹೋದರೆ ಅವರ ಕೈ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ಹಾಗೆ ಅಟ್ಟಿಸಿಕೊಂಡು ಹೋಗಿ ಆರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವರ ಹಿಂದೆ ಹೊಲದವನು, ಅವನ ಹಿಂದೆ ಹೆಂಗಸರು, ನನ್ನ ತಾಯಿ, ನಾನು. ಯಾರೂ ನಗಲಿಲ್ಲ.

ಎಲ್ಲರದೂ ಆದ ಮೇಲೆ ಅವರು ತಟ್ಟೆ ತಂದು ಅಮ್ಮನ ಮುಂದೆ ಇಳಿಸಿದರು. ಮುಖ, ಕತ್ತು ಎಲ್ಲ ಬೆವರು. ಅಮ್ಮನನ್ನು ದಿಟ್ಟಿಸಿ ನೋಡಿ, ಹೂ ತಡವಾಗಿ ತಂದ ಹೆಂಗಸರನ್ನು ಗದರುವ ಅದೇ ದನಿಯಲ್ಲಿ ಗಟ್ಟಿಯಾಗಿ ಹೇಳಿದರು.

"ನೋಡವ್ವಾ, ಬೇಕು ಅಂದೋಳು ನೀನೇ. ಇನ್ನ ಮ್ಯಾಲೆ ಚೆಲ್ಲಿದ್ರೆ ನನ್ನ ಕೇಳಂಗಿಲ್ಲ."